ನೀರು ಮುಟ್ಟದ ನಾಯಿ

ಪಶುವೈದ್ಯಕೀಯ ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಕೊಪ್ಪಳದ ನನ್ನ ಮನೆಗೆ ಬರುತ್ತಾರೆ. ಎಮ್ಮೆಯ ಗರ್ಭಪರೀಕ್ಷೆ, ಕುರಿಗಳ ಲಸಿಕೆ, ಮೇಲಧಿಕಾರಿಗಳ ಜೊತೆ ಏಗುವ ಬಗೆ ಎಲ್ಲವನ್ನೂ ಕೇಳುತ್ತಾರೆ. ನಾಯಿಯ ಬಗ್ಗೆ ಕೇಳಿದವರು ಇದುವರೆಗೆ ಒಬ್ಬರೂ ಇಲ್ಲ. ಆದ್ದರಿಂದ ಕೇಳದಿದ್ದರೂ ಹೇಳಬೇಕಾಗಿದೆ. ನನ್ನ ಬಡ್ತಿಯ ಆದೇಶಗಳು, ಬೀಳ್ಕೊಡುಗೆಯ ಶಾಲು ಕಪಾಟಿನಲ್ಲಿವೆ, ಅಲ್ಲೇ ಇರಲಿ. ಇಲ್ಲಿ ಬರೆಯುವುದು ನಾಯಿಯ ಮೆದುಳಿಗೆ ಮತ್ತು ಬೆನ್ನುಹುರಿಗೆ ಬರುವ ಉರಿಯೂತದ ಬಗ್ಗೆ, ಅದನ್ನು ನೋಡಲೊಲ್ಲದ ನಮ್ಮವರ ಬಗ್ಗೆ, ಮತ್ತು ಹುಲಿಯಾ ಎಂಬ ಕುರಿನಾಯಿಯ ಬಗ್ಗೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ನಾನು ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ದೀಪ ಆರಿಸಿ ಬೆಳೆದವಳು. ಕೆಲಸದಲ್ಲೂ ಅದೇ ಶಿಸ್ತು ಬಂತು. ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೆ ಮೇಜು ತೊಳೆದಿರಬೇಕು, ಕೈ ತೊಳೆಯಲು ನೀರು ಇರಬೇಕು. ಪ್ರಾಣಿ ಯಾವುದೇ ಇರಲಿ, ಮೊದಲು ಮಾಲೀಕನ ಮಾತು, ಆಮೇಲೆ ಥರ್ಮಾಮೀಟರ್, ಆಮೇಲೆ ನನ್ನ ಕಣ್ಣು ಮತ್ತು ಕೈ, ಎಲ್ಲ ಮುಗಿದ ಮೇಲೆ ಸೂಜಿ. ಈ ಕ್ರಮ ತಪ್ಪಬಾರದು. ಗಾಜಿನ ಸಿರಿಂಜನ್ನು ಸ್ಟೌವಿನ ಮೇಲೆ ಕುದಿಸುತ್ತಿದ್ದ ಕಾಲದಲ್ಲಿ ಇದು ಸುಲಭವಿತ್ತು. ಸಿರಿಂಜು ಕುದಿಯುವಷ್ಟು ಹೊತ್ತು ಡಾಕ್ಟರು ಪ್ರಾಣಿಯನ್ನು ನೋಡಲೇಬೇಕಿತ್ತು, ಬೇರೆ ಕೆಲಸವಿರಲಿಲ್ಲ. ಬಳಸಿ ಎಸೆಯುವ ಸಿರಿಂಜು ಬಂದ ಮೇಲೆ ಸೂಜಿ ಮೊದಲಾಯಿತು, ನೋಡುವುದು ಕೊನೆಗಾಯಿತು. ಈಗಂತೂ ಮೊಬೈಲಿನಲ್ಲಿ ವಿಡಿಯೊ ನೋಡಿ ರೋಗ ಹೇಳುತ್ತಾರೆ. ಸಾಧನ ಬದಲಾದದ್ದಕ್ಕೆ ನನ್ನ ತಕರಾರಿಲ್ಲ. ನೋಡುವುದು ತಪ್ಪಿಹೋದದ್ದಕ್ಕೆ ಇದೆ.

ನನ್ನ ಜೊತೆ ಬಹಳ ವರ್ಷ ದುಡಿದ ಅಟೆಂಡರ್ ರಾಜಾಸಾಬ್ ಈ ಕ್ರಮವನ್ನು ಕಂಡು ನಗುತ್ತಿದ್ದ. "ಅಕ್ಕಾರ, ನೀವ ಅಂಗಳಕ್ಕ ಬಂದ್ರ ಸಾಕು, ಎಮ್ಮಿ ತಾವ ಬಾಲ ಎತ್ತಿ ನಿಂದರತಾವ ನೋಡ್ರಿ." ನಗಲಿ. ಅವನು ಥರ್ಮಾಮೀಟರ್ ಮರೆತು ಬಂದ ದಿನ ಒಂದೂ ಇಲ್ಲ.

ಕುಷ್ಟಗಿಯಲ್ಲಿ ನನಗೆ ಸಿಕ್ಕ ಮೊದಲ ಮೇಲಧಿಕಾರಿ ಮೋಟರ್ ಸೈಕಲ್ಲಿನಿಂದ ಇಳಿಯದೆಯೇ ರೋಗ ಹೇಳುವ ಪೈಕಿ. ಒಂದು ಕಾಲು ನೆಲಕ್ಕೆ ಊರಿ, ಎಂಜಿನ್ ಆರಿಸದೆ, ದೂರದಿಂದ ಗದ್ದ ಎತ್ತಿ ನೋಡುತ್ತಿದ್ದರು. ದನವಾದರೆ ಇಳಿಯುತ್ತಿದ್ದರು, ಯಾಕೆಂದರೆ ದನಕ್ಕೆ ಸರ್ಕಾರದ ಗುರಿ ಇತ್ತು, ತಿಂಗಳ ವರದಿ ಇತ್ತು. ನಾಯಿಗೆ ಗುರಿಯಿಲ್ಲ, ಯೋಜನೆಯಿಲ್ಲ, ವರದಿಯಲ್ಲಿ ಜಾಗವಿಲ್ಲ. ಅವರು ನನಗೆ ಕಲಿಸಿದ ನಾಯಿ ವೈದ್ಯ ಇಷ್ಟು: "ನೋಡ್ ತಂಗಿ, ನಾಯಿಗೆ ಇರೂವ ಎರಡ ರೋಗ. ಒಂದು ಹುಚ್ಚು, ಇನ್ನೊಂದು ಹುಚ್ಚಲ್ಲ. ಹುಚ್ಚಿದ್ರ ಪಂಚಾಯ್ತಿಗೆ ಹೇಳು. ಹುಚ್ಚಲ್ಲಾಂದ್ರ ಒಂದ ಬಿ-ಕಾಂಪ್ಲೆಕ್ಸ್ ಹಾಕಿ ಕಳಸು."

ಹೊಸಬರಿಗಾಗಿ ಸರಳವಾಗಿ ಹೇಳುತ್ತೇನೆ. ಮೆದುಳು ಮತ್ತು ಬೆನ್ನುಹುರಿಗೆ ತೆಳ್ಳನೆಯ ಪೊರೆಗಳ ಹೊದಿಕೆ ಇದೆ. ಆ ಪೊರೆ ಊದಿಕೊಂಡರೆ ಕುತ್ತಿಗೆ ಕಟ್ಟಿಗೆಯಾಗುತ್ತದೆ. ಮುಟ್ಟಿದರೆ ನಾಯಿ ಕಿರುಚುತ್ತದೆ, ಕಚ್ಚಲೂ ಬಹುದು. ಮೆದುಳೇ ಊದಿಕೊಂಡರೆ ನಾಯಿ ಒಂದೇ ಕಡೆಗೆ ಸುತ್ತುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಸೆಳೆತ ಬಂದು ಬೀಳುತ್ತದೆ. ಬೆನ್ನುಹುರಿ ಊದಿಕೊಂಡರೆ ಹಿಂಗಾಲು ಎಳೆಯುತ್ತದೆ. ರೇಬೀಸ್ ಎಂಬುದು ಇದಕ್ಕೆ ಒಂದು ಕಾರಣ, ಎಲ್ಲಕ್ಕಿಂತ ಭಯಂಕರವಾದದ್ದು. ಡಿಸ್ಟೆಂಪರ್ ಎಂಬ, ಮರಿಗಳಿಗೆ ಹೆಚ್ಚಾಗಿ ತಗಲುವ ಸೋಂಕು ಇನ್ನೊಂದು. ಉಣ್ಣಿ ಕಡಿತದಿಂದ ಬರುವ ಜ್ವರ ಮತ್ತೊಂದು. ಕೆಲವು ಎಳೆಯ ನಾಯಿಗಳಲ್ಲಿ ಯಾವ ರೋಗಾಣುವೂ ಇಲ್ಲದೆ ದೇಹವೇ ತನ್ನ ಪೊರೆಯ ಮೇಲೆ ತಿರುಗಿ ಬೀಳುತ್ತದೆ. ಹೊರಗಿನಿಂದ ನೋಡಿದರೆ ಇವೆಲ್ಲ ಅಕ್ಕತಂಗಿಯರಂತೆ ಕಾಣುತ್ತವೆ. ಊರಿನವರು ಎಲ್ಲಕ್ಕೂ ಹುಚ್ಚು ಎಂಬ ಒಂದೇ ಹೆಸರಿಟ್ಟರೆ ಅದು ಊರಿನವರ ತಪ್ಪಲ್ಲ. ನಾವೂ ಅದೇ ಹೆಸರನ್ನು ಹೇಳಿದರೆ ನಮಗೆ ಸರ್ಕಾರ ಸಂಬಳ ಯಾಕೆ ಕೊಡಬೇಕು?

ಕುಷ್ಟಗಿಯಲ್ಲೇ ಒಬ್ಬ ಸಾಲಿ ಮಾಸ್ತರು ಒಂದು ಮರಿಯನ್ನು ಚೀಲದಲ್ಲಿ ಹೊತ್ತು ತಂದರು. ಅದರ ಒಂದು ಕಾಲು ನಿದ್ದೆಯಲ್ಲೂ ತಾಳ ಹಾಕಿದಂತೆ ಅದುರುತ್ತಿತ್ತು, ದವಡೆ ಏನನ್ನೋ ಅಗಿಯುತ್ತಿತ್ತು, ಬಾಯಲ್ಲಿ ಏನೂ ಇರಲಿಲ್ಲ. ಹಣೆಯ ಮೇಲೆ ಕಾದ ಕುಡುಗೋಲಿನ ಬರೆ. "ಗಾಳಿ ಅಂದ್ರು, ಬರಿ ಹಾಕಿಸಿದೆ" ಎಂದರು ಮಾಸ್ತರು, ನನ್ನ ಮುಖ ನೋಡದೆ. ಅದು ಡಿಸ್ಟೆಂಪರ್, ಮೆದುಳಿಗೆ ಏರಿತ್ತು. ಆ ಹಂತದಲ್ಲಿ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮೊದಲೇ ಒಂದು ಲಸಿಕೆ ಬಿದ್ದಿದ್ದರೆ ಮರಿ ಉಳಿಯುತ್ತಿತ್ತು. ನಮ್ಮ ಆಸ್ಪತ್ರೆಯಲ್ಲಿ ಆ ಲಸಿಕೆ ಇರಲಿಲ್ಲ. ತರಿಸಿ ಎಂದು ಕೇಳಿದಾಗ ಸಾಹೇಬರು ನಕ್ಕರು. "ನಾಯಿಗ್ಯಾರ್ ಲಸಿಕಿ ತರಸ್ತಾರ ತಂಗಿ? ನಾಯಿ ಹಾಲ ಕೊಡತೈತೇನು?" ಬರೆ ಹಾಕಿಸಿದ ಮಾಸ್ತರನ್ನು ನಾನು ಕ್ಷಮಿಸಿದ್ದೇನೆ. ಈ ಮಾತನ್ನು ಕ್ಷಮಿಸಿಲ್ಲ.

ಇನ್ನು ನೀರಿನ ಪರೀಕ್ಷೆ. ನಮ್ಮ ಸೀಮೆಯಲ್ಲಿ ನಾಯಿಗೆ ಹುಚ್ಚೋ ಅಲ್ಲವೋ ಎಂದು ತೀರ್ಮಾನಿಸಲು ಹಿರಿಯರು ಕಂಡುಕೊಂಡ ದಾರಿ ಇದು. ನಾಯಿಯ ಮುಂದೆ ನೀರು ಇಡಬೇಕು. ಕುಡಿದರೆ ಬಿಡಬೇಕು, ಕುಡಿಯದಿದ್ದರೆ ಹೊಡೆಯಬೇಕು. ರೇಬೀಸ್ ಬಂದ ಮನುಷ್ಯ ನೀರಿಗೆ ಹೆದರುತ್ತಾನೆ, ಅದು ನಿಜ. ಅದನ್ನು ನಾಯಿಗೂ ಅಂಟಿಸಿಬಿಟ್ಟಿದ್ದಾರೆ. ರೇಬೀಸ್ ಬಂದ ನಾಯಿ ನೀರಿಗೆ ಬಾಯಿ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕುಕನೂರಿನ ಒಬ್ಬ ಕಿರಾಣಿ ಅಂಗಡಿಯವರಿಗೆ ಅವರದೇ ನಾಯಿ ಕಚ್ಚಿತ್ತು. ಸುತ್ತಲಿನವರು ತಂಬಿಗೆಯಲ್ಲಿ ನೀರಿಟ್ಟರು, ನಾಯಿ ಕುಡಿಯಿತು, ಎಲ್ಲರೂ ಮನೆಗೆ ಹೋದರು. ಅಂಗಡಿಯವರು ಗಾಯಕ್ಕೆ ಸುಣ್ಣ ಹಚ್ಚಿಕೊಂಡು ತಕ್ಕಡಿ ಹಿಡಿದು ಕೂತಿದ್ದರು. ನಾನು ಅವರನ್ನು ಎಬ್ಬಿಸಿ, ಗಾಯವನ್ನು ಸಾಬೂನಿನಿಂದ ತೊಳೆಸಿ, ನಮ್ಮ ಜೀಪಿನಲ್ಲಿ ಕೂರಿಸಿ ದವಾಖಾನೆಗೆ ಕರೆದೊಯ್ದು ಸೂಜಿ ಹಾಕಿಸಿದೆ. ದಾರಿಯುದ್ದಕ್ಕೂ ಬೈದರು. ಕೆಲವೇ ದಿನಗಳಲ್ಲಿ ನಾಯಿ ಸತ್ತಿತು, ಪರೀಕ್ಷೆಯಲ್ಲಿ ರೇಬೀಸ್ ಎಂದು ಬಂತು. ಅಂಗಡಿಯವರು ಉಳಿದರು. ಆಮೇಲೂ ಅವರು ಹೇಳಿದ್ದು, "ಯಾರೋ ವಿಷ ಹಾಕ್ಯಾರ ಬಿಡ್ರಿ. ನೀರ ಕುಡದಿತ್ತಲ್ರಿ ಅದು."

ಈಗ ಹುಲಿಯಾನ ವಿಷಯ.

ನನ್ನ ಸೇವೆಯ ಕೊನೆಯ ವರ್ಷ. ಯಲಬುರ್ಗಾ ಭಾಗದಲ್ಲಿದ್ದೆ. ಬೆಳಿಗ್ಗೆ ಪಂಚಾಯಿತಿ ಸದಸ್ಯ ಶರಣಪ್ಪನ ಫೋನು ಬಂತು. "ಮೇಡಮ್ಮಾರ, ತಳಕಲ್ ಕಡಿ ಒಂದ ಕುರಿನಾಯಿಗೆ ಹುಚ್ಚ ಹಿಡದೈತಿ. ನೀವೇನ್ ಬರೂದ ಬ್ಯಾಡ. ಹುಚ್ಚ ಐತಿ ಅಂತ ಒಂದ ಚೀಟಿ ಬರದ ಕೊಡ್ರಿ, ಮುಂದಿಂದ ನಾವ ನೋಡ್ಕೋತೀವಿ."

"ನೋಡದ ನಾಯಿಗೆ ಚೀಟಿ ಬರೆಯೂದಿಲ್ಲ. ನಾ ಬರೋತನ ಯಾರೂ ಅದರ ತಂಟೆಗೆ ಹೋಗಬ್ಯಾಡ್ರಿ" ಎಂದು ಹೇಳಿ ರಾಜಾಸಾಬನನ್ನು ಕರೆದುಕೊಂಡು ಹೊರಟೆ.

ಊರ ಹೊರಗಿನ ಬೀಳು ಹೊಲದಲ್ಲಿ ಕುರಿದಡ್ಡಿ. ಜಾಲಿ ಮರಕ್ಕೆ ಸರಪಳಿಯಿಂದ ಕಟ್ಟಿದ ಕಂದು ಬಣ್ಣದ ಎಳೆಯ ನಾಯಿ. ಸುತ್ತ ಬಡಿಗೆ ಹಿಡಿದ ಜನ, ಮೊಬೈಲ್ ಎತ್ತಿ ಹಿಡಿದ ಜನ. ಆ ಜನಕ್ಕೂ ನಾಯಿಗೂ ನಡುವೆ ಸೀರೆಯ ಸೆರಗನ್ನು ಸೊಂಟಕ್ಕೆ ಸುತ್ತಿಕೊಂಡ ಯಲ್ಲವ್ವ, ಕುರಿಗಳ ಒಡತಿ, ಗಂಡ ತೀರಿದ ಮೇಲೆ ಮೈದುನ ಬೀರಪ್ಪನ ಜೊತೆ ಹಿಂಡು ನಡೆಸುತ್ತಿದ್ದವಳು. ಜನರನ್ನು ಉದ್ದೇಶಿಸಿ ಅವಳು ಹೇಳುತ್ತಿದ್ದಳು: "ಯಾರ್ಯಾರ ಕೈಯಾಗ ಬಡಿಗಿ ಅದಾವು, ತಮ್ಮ ತಮ್ಮ ಹೆಸರ ಹೇಳಿ ಹೊಡೀರಿ. ನಾಳಿ ತ್ವಾಳ ಬಂತಂದ್ರ ನಿಮ್ಮ ಮನಿಗೇ ಬರ್ತೀನಿ. ಹುಲಿಯಾನ ಬದಲಿ ನೀವ ಬಂದ ದಡ್ಡಿ ಕಾಯ್ರಿ. ಬೊಗಳಾಕ ಬರ್ತೈತಿಲ್ಲೋ ಅಷ್ಟ ಹೇಳ್ರಿ."

ಕೆಲವರು ನಕ್ಕರು. ಯಾರೂ ಬಡಿಗೆ ಕೆಳಗಿಡಲಿಲ್ಲ.

ನಮ್ಮ ಕಡೆ ತೋಳ ಎಂಬುದು ಕಥೆಯಲ್ಲ. ದಡ್ಡಿಗೆ ನುಗ್ಗಿದರೆ ಒಂದಕ್ಕೆ ನಿಲ್ಲುವುದಿಲ್ಲ. ಅದಕ್ಕೇ ಕುರಿನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕುತ್ತಾರೆ. ತೋಳ ಕೊರಳಿಗೆ ಬಾಯಿ ಹಾಕಿದರೆ ಅದರ ಬಾಯೇ ಸೀಳಬೇಕು. ಬೀರಪ್ಪ ಹಿಂದಿನ ದಿನ ಆ ಪಟ್ಟಿ ತೊಡಿಸಲು ಹೋಗಿದ್ದ. ಹುಲಿಯಾ ಕಿರುಚಿ ಅವನ ಅಂಗೈ ಕಚ್ಚಿದ್ದ.

ಮೊದಲು ಮನುಷ್ಯ. ಬೀರಪ್ಪನ ಕೈಯ ಬಟ್ಟೆ ಬಿಚ್ಚಿಸಿ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಚೆನ್ನಾಗಿ ತೊಳೆಸಿ, ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಲು ಹೇಳಿದೆ. ಅವನು ಕೊಸರಾಡಿದ.

"ಅಕ್ಕಾರ, ನಾಯಿಗೆ ಹುಚ್ಚ ಐತಿ ಅಂತ ಇನ್ನೂ ಹೇಳವಲ್ರಿ. ನನಗ ಮಾತ್ರ ಸೂಜಿ ಅಂತೀರಿ. ಎರಡರಾಗ ಒಂದ ಹೇಳ್ರಿ."

"ಎರಡೂ ನಾನ ಹೇಳ್ತೀನಿ, ನೀ ಮೊದಲ ಗಾಡಿ ಹತ್ತು."

ಯಾರದೋ ಬೈಕಿನ ಹಿಂದೆ ಅವನನ್ನು ಕೂರಿಸಿ ಕಳಿಸಿದೆ.

ಶರಣಪ್ಪ ತನ್ನ ಪರೀಕ್ಷೆ ತೋರಿಸಲು ತುದಿಗಾಲಲ್ಲಿ ನಿಂತಿದ್ದ. ಕುರಿಗಳಿಗೆ ನೀರು ಕುಡಿಸಲು ಅಲ್ಲೊಂದು ಕಲ್ಲಿನ ಬಾನಿ ಇತ್ತು, ನೆಲಮಟ್ಟಕ್ಕೆ ಹೂತದ್ದು. ನಾಯಿಯ ಸರಪಳಿ ಅಲ್ಲಿಯವರೆಗೆ ಎಟುಕುತ್ತಿತ್ತು. ಬಾನಿಗೆ ಒಂದು ಕೊಡ ನೀರು ಸುರಿದರು. ಹುಲಿಯಾ ನೀರಿನ ಸಪ್ಪಳಕ್ಕೆ ಎದ್ದು ಬಂದ. ಬಾನಿಯ ಅಂಚಿಗೆ ನಿಂತ. ನೀರನ್ನೇ ನೋಡಿದ. ತಲೆ ಒಂದು ಗೇಣು ಇಳಿಯಿತು, ಅಷ್ಟರಲ್ಲಿ ನೋವಿನಿಂದ ಕುಯ್ಗುಟ್ಟಿ ಹಿಂದೆ ಸರಿದ. ಮತ್ತೆ ಬಂದ. ಮತ್ತೆ ಸರಿದ.

"ಕಂಡ್ರೇನ್ರಿ? ನೀರ ಕಂಡ್ರ ಹೆಂಗ ಅಂಜತೈತಿ ನೋಡ್ರಿ!" ಎಂದ ಶರಣಪ್ಪ. ಮೊಬೈಲುಗಳೆಲ್ಲ ಅದನ್ನು ಹಿಡಿದವು.

ಅಂಜಿದ ನಾಯಿ ಮತ್ತೆ ಮತ್ತೆ ನೀರಿನ ಬಳಿಗೆ ಬರುತ್ತದೆಯೇ? ಒಬ್ಬರಾದರೂ ಈ ಪ್ರಶ್ನೆ ಕೇಳಲಿಲ್ಲ. ನಾನು ಯಲ್ಲವ್ವನಿಂದ ಒಂದು ರೊಟ್ಟಿ ಚೂರು ಇಸಿದುಕೊಂಡು ದೂರದಿಂದ ಎಡಕ್ಕೂ ಬಲಕ್ಕೂ ಆಡಿಸಿದೆ. ಹುಲಿಯಾನ ಕಣ್ಣು ರೊಟ್ಟಿಯ ಹಿಂದೆಯೇ ಹೋಯಿತು. ಕುತ್ತಿಗೆ ಹೋಗಲಿಲ್ಲ. ತಿರುಗಬೇಕಾದರೆ ಹಲಗೆ ತಿರುಗಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಬೆನ್ನು ಗೂನಾಗಿತ್ತು. ಯಲ್ಲವ್ವ ಹೆಸರು ಹಿಡಿದು ಕರೆದರೆ ಬಾಲ ಆಡುತ್ತಿತ್ತು.

"ಯಲ್ಲವ್ವ, ಒಂದ ಬೋಗುಣಿ ತಾ. ಆ ಎರಡ ಕಲ್ಲ ಒಂದರ ಮ್ಯಾಲೊಂದ ಇಟ್ಟು ಅದರ ಮ್ಯಾಲ ಇಡು. ಅವನ ಬಾಯಿ ಹತ್ರ ಕೈ ಒಯ್ಯಬ್ಯಾಡ."

ಅವಳು ಇಟ್ಟು ಹಿಂದೆ ಸರಿದಳು. ನೀರು ಹುಲಿಯಾನ ಗದ್ದದ ಮಟ್ಟಕ್ಕಿತ್ತು. ಒಮ್ಮೆ ಮೂಸಿದ. ಆಮೇಲೆ ಬೋಗುಣಿ ಖಾಲಿಯಾಗುವ ತನಕ ಬಾಯಿ ತೆಗೆಯಲಿಲ್ಲ. ಅವಳು ಇನ್ನೊಂದು ಸಲ ತುಂಬಿದಳು, ಅದೂ ಆಯಿತು.

"ಎಲಾ ಇವನ! ಮ್ಯಾಲಿಟ್ರ ಕುಡಿತೈತಲ್ಲೋ!" ಎಂದಿತು ಗುಂಪಿನಲ್ಲಿ ಒಂದು ದನಿ.

"ಆತು ಬಿಡ್ರಿ, ಹಂಗಾರ ಹುಚ್ಚಲ್ಲ" ಎಂದು ಬಡಿಗೆಗಳು ಹೊರಡಲು ಅಣಿಯಾದವು. ಆಗ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು. "ನಿಂದರ್ರಿ. ನೀರ ಕುಡದದ್ದಕ್ಕ ಹುಚ್ಚಲ್ಲ ಅಂತ ಯಾರ ಹೇಳಿದ್ರು? ಕಚ್ಚಿದ ನಾಯಿ ಇದು. ಹತ್ತ ದಿನ ಕಟ್ಟಿ ಹಾಕಿ ನೋಡಬೇಕು. ಅಲ್ಲೀತನ ಹುಚ್ಚ ಐತಿ ಅಂತಾನೂ ಹೇಳಂಗಿಲ್ಲ, ಇಲ್ಲ ಅಂತಾನೂ ಹೇಳಂಗಿಲ್ಲ."

ಶರಣಪ್ಪನಿಗೆ ಇದು ಸೇರಲಿಲ್ಲ. "ಹಂಗಾರ ಇಷ್ಟೊತ್ತನ ಕಲ್ಲ ಪೇರಿಸಿ ನೀರ ಯಾಕ ಕುಡಿಸಿದ್ರಿ?"

"ಅದಕ್ಕ ನೀರಡಿಕಿ ಆಗಿತ್ತು, ಅದಕ್ಕ."

ನಾನು ಆಸ್ಪತ್ರೆಗೆ ಮರಳುವ ಮೊದಲೇ ವಿಡಿಯೊ ಆಗಿನ ನನ್ನ ಮೇಲಧಿಕಾರಿಯ ಮೊಬೈಲಿಗೆ ಮುಟ್ಟಿತ್ತು. ಬಾನಿಯ ಮುಂದೆ ಹಿಂಜರಿದ ವಿಡಿಯೊ ಮಾತ್ರ. ಬೋಗುಣಿಯಿಂದ ಕುಡಿದದ್ದನ್ನು ಯಾರೂ ಕಳಿಸಿರಲಿಲ್ಲ. ಸಾಹೇಬರು ಫೋನ್ ಮಾಡಿದರು: "ಮೇಡಮ್ಮಾರ, ರಿಟೈರ್ ಆಗೋ ಹೊತ್ತಿನಾಗ ಯಾಕ್ ತಲಿನೋವು? ಹುಚ್ಚಿನ ಸಂಶಯ ಐತಿ ಅಂತ ಬರದ ಕೈ ತೊಳಕೊಳ್ರಿ. ನಾಯಿ ಉಳದ್ರ ನಿಮಗ ಯಾರೂ ಹಾರ ಹಾಕಂಗಿಲ್ಲ. ಯಾರಿಗರ ಮತ್ತ ಕಚ್ಚಿದ್ರ ಎಲ್ಲಾರೂ ನಿಮ್ಮ ಹೆಸರ ಹಿಡೀತಾರ."

"ಸಂಶಯ ಐತಿ, ಕಟ್ಟಿ ಹಾಕಿ ನೋಡಾಕ ಹತ್ತೀನಿ ಅಂತ ಬರದೀನಿ ಸರ್. ಹೊಡೀರಿ ಅಂತ ಬರದಿಲ್ಲ" ಎಂದೆ. ಅವರು ಫೋನಿಟ್ಟರು. ತಮ್ಮ ಮಾತಿನಲ್ಲಿ ಅವರಿಗೆ ತಪ್ಪೇನೂ ಕಾಣಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಸುಡುತ್ತದೆ. ಕೈ ತೊಳೆಯುವುದನ್ನು ನಾನು ಅವರಿಗಿಂತ ಹೆಚ್ಚು ಮಾಡಿದ್ದೇನೆ, ಆದರೆ ಸಾಬೂನಿನಿಂದ.

ಹುಲಿಯಾನನ್ನು ಖಾಲಿ ಹುಲ್ಲಿನ ಕೊಟ್ಟಿಗೆಯಲ್ಲಿ, ಬಾಗಿಲಿಗೆ ಬಿದಿರಿನ ತಟ್ಟಿ ಕಟ್ಟಿ ಇಟ್ಟೆವು. ದಪ್ಪ ಕೈಗವಸು ತೊಟ್ಟು, ಬಾಯಿಗೆ ಪಟ್ಟಿ ಬಿಗಿದು, ರಾಜಾಸಾಬ್ ಹಿಡಿದುಕೊಂಡ, ನಾನು ಜ್ವರ ನೋಡಿದೆ. ಸುಡುತ್ತಿತ್ತು. ಮೈಮೇಲೆ ಉಣ್ಣಿ ಬಹಳ ಇದ್ದದ್ದರಿಂದ ಮೊದಲು ಅದರ ಜ್ವರಕ್ಕೆ ಔಷಧ ಕೊಟ್ಟೆ. ಇಳಿಯಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಸಹಪಾಠಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸುವುದು ಸರಿಯಾದ ದಾರಿ ಎಂದು ಇಬ್ಬರಿಗೂ ಗೊತ್ತಿತ್ತು. ಕಚ್ಚಿದ ನಾಯಿಯನ್ನು ಅಷ್ಟು ದೂರ ಸಾಗಿಸುವುದು ಆಗದೆಂಬುದೂ ಗೊತ್ತಿತ್ತು. ಹತ್ತು ದಿನ ಕಳೆದವು. ಹುಲಿಯಾ ಸಾಯಲಿಲ್ಲ, ಮಂಕಾಗಲಿಲ್ಲ, ದನಿ ಬದಲಾಗಲಿಲ್ಲ, ದವಡೆ ಜೋಲಲಿಲ್ಲ. ಎತ್ತರದ ಬೋಗುಣಿಯಿಂದ ಕುಡಿದ, ಎತ್ತರಕ್ಕೆ ಇಟ್ಟ ನುಚ್ಚು ತಿಂದ. ಕುತ್ತಿಗೆ ಮಾತ್ರ ಹಾಗೇ ಇತ್ತು. ಪೊರೆಯ ಉರಿಯೂತ, ದೇಹವೇ ತಂದುಕೊಂಡದ್ದು ಎಂದು ತೀರ್ಮಾನಿಸಿ ಸ್ಟೀರಾಯ್ಡ್ ಗುಳಿಗೆ ಶುರು ಮಾಡಿದೆ.

ಯಾವ ರೋಗಕ್ಕೂ ಹಾಕಿ, ಹಾಕಬಾರದ್ದಕ್ಕೂ ಹಾಕಿ, ನಮ್ಮವರು ಹೆಸರು ಕೆಡಿಸಿದ ಔಷಧ ಅದು. ಸರಿಯಾದ ಜಾಗಕ್ಕೆ ಬಿದ್ದರೆ ಏನು ಮಾಡುತ್ತದೆ ಎಂಬುದನ್ನು ಅಲ್ಲಿ ನೋಡಬೇಕಿತ್ತು. ಎರಡು ದಿನದಲ್ಲಿ ಹುಲಿಯಾ ತಲೆ ಬಗ್ಗಿಸಿ ತನ್ನ ಕಾಲನ್ನು ತಾನೇ ನೆಕ್ಕಿಕೊಂಡ. ವಾರದೊಳಗೆ ನೆಲದ ಬಾನಿಗೆ ಬಾಯಿ ಹಾಕಿ ಕುಡಿದ. ಯಲ್ಲವ್ವ ಅದನ್ನು ನೋಡಿ ಕುರಿಗಳ ಕಡೆ ತಿರುಗಿ ಜೋರಾಗಿ ಬೈಯತೊಡಗಿದಳು. ಯಾವ ಕುರಿಯೂ ಏನೂ ಮಾಡಿರಲಿಲ್ಲ.

ಔಷಧದ ಮಾತನ್ನು ಅವಳಿಗೆ ನಿಧಾನವಾಗಿ ಹೇಳಿದೆ. ಇದು ಜ್ವರದ ಗುಳಿಗೆಯಲ್ಲ. ನಾಯಿ ಓಡಾಡಿದರೂ ನಿಲ್ಲಿಸಬಾರದು. ತಿಂಗಳುಗಟ್ಟಲೆ ಕೊಡಬೇಕು, ನಾನು ಹೇಳಿದಾಗ ಮಾತ್ರ ಸ್ವಲ್ಪ ಸ್ವಲ್ಪ ಇಳಿಸಬೇಕು. ನಡುವೆ ಬಿಟ್ಟರೆ ರೋಗ ತಿರುಗಿ ಬರುತ್ತದೆ. ಅವಳು ರೊಟ್ಟಿಯ ತುತ್ತಿನಲ್ಲಿ ಗುಳಿಗೆ ಮುಚ್ಚಿ ದಿನವೂ ಕೊಟ್ಟಳು. ಅಷ್ಟರಲ್ಲಿ ನಾನು ನಿವೃತ್ತಳಾಗಿ ಕೊಪ್ಪಳಕ್ಕೆ ಬಂದೆ. ಆಗಾಗ ಅವಳ ಫೋನು ಬರುತ್ತಿತ್ತು. "ಅಕ್ಕಾರ, ನಿಮ್ಮ ಪೇಶಂಟ್ ಭಾಳ ಛಲೋ ಅದಾನ್ರಿ. ನಿನ್ನಿ ನನ್ನ ಚಪ್ಪಲಿ ತಿಂದಾನ."

ಭತ್ತದ ಕೊಯ್ಲು ಮುಗಿದಾಗ ಅವರ ಹಿಂಡು ಎಂದಿನಂತೆ ಗಂಗಾವತಿ ಕಡೆಯ ಕಾಲುವೆ ಸೀಮೆಗೆ ಇಳಿಯಿತು. ಗೊಬ್ಬರಕ್ಕಾಗಿ ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುವವರು ಅಲ್ಲಿ ಕಾಯುತ್ತಿರುತ್ತಾರೆ. ಯಲ್ಲವ್ವ ಮಗಳ ಬಾಣಂತನಕ್ಕೆ ತಳಕಲ್ಲಿನಲ್ಲೇ ಉಳಿದಳು. ಗುಳಿಗೆಗಳನ್ನು ಬೀರಪ್ಪನ ಕೈಗೆ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಅವನಿಗೆ ಹೇಳಿದಳು. ಅವನು ಕೆಲವು ದಿನ ಕೊಟ್ಟ. ನಾಯಿ ಗದ್ದೆಯ ತುಂಬ ಜಿಗಿದಾಡುವುದನ್ನು ಕಂಡು ನಿಲ್ಲಿಸಿದ. ಕೆಟ್ಟ ಮನಸ್ಸಿನಿಂದಲ್ಲ. ಆರಾಮಾದ ಜೀವಕ್ಕೆ ಔಷಧ ಯಾಕೆ ಎಂದು ನಮ್ಮ ಕಡೆಯವರು ಮನುಷ್ಯರಿಗೇ ನಿಲ್ಲಿಸುತ್ತಾರೆ.

ಒಂದು ಬೆಳಿಗ್ಗೆ ಯಲ್ಲವ್ವನ ಫೋನು ಬಂದಾಗ ದನಿಯಲ್ಲಿ ತಮಾಷೆ ಇರಲಿಲ್ಲ. "ಅಕ್ಕಾರ, ಹುಲಿಯಾಗ ಮತ್ತ ಕುತಿಗಿ ಹಿಡದೈತಂತ. ಕಾಲುವಿ ನೀರ ಮುಟ್ಟವಲ್ಲಂತ. ಮಂದಿ ಕೂಡ್ಯಾರಂತ. ನಾ ಬಸ್ಸಿನ್ಯಾಗ ಅದೀನಿ. ನೀವ ಬರ್ತೀರೇನ್ರಿ?"

ಕೊಪ್ಪಳದ ನಿಲ್ದಾಣದಲ್ಲಿ ಅದೇ ಬಸ್ಸು ಹತ್ತಿದೆ. ಕುಳಿತ ಕೂಡಲೇ ಅಲ್ಲಿನ ಪಶುವೈದ್ಯರ ನಂಬರ್ ಹುಡುಕಿ ಫೋನ್ ಮಾಡಿದೆ. ಹೊಸದಾಗಿ ಸೇರಿದ, ಮೈಸೂರು ಕಡೆಯ ಹುಡುಗ. ಮಾತು ಬಹಳ ನಯ.

"ವಿಡಿಯೊ ನೋಡಿದೀನಿ ಮೇಡಂ. ಕ್ಲಿಯರ್ ಆಗಿದೆ. ನೀರು ಕಂಡ್ರೆ ಹಿಂದೆ ಹೋಗ್ತಿದೆ. ಹುಚ್ಚೇ ಇರಬೇಕು, ಹುಷಾರಾಗಿರಿ, ಪಂಚಾಯಿತಿಗೆ ತಿಳಿಸಿ ಅಂತ ಅವರಿಗೆ ಹೇಳಿದೀನಿ."

"ಜ್ವರ ಎಷ್ಟಿತ್ತು?"

"ಅಲ್ಲಿಗೆ ಹೋಗಿಲ್ಲ ಮೇಡಂ. ಮಧ್ಯಾಹ್ನ ಹೋಗೋಣ ಅಂತ."

"ಈಗಲೇ ಹೋಗು. ಅದು ನನ್ನ ರೋಗಿ. ಕುತ್ತಿಗೆ ನೋವಿಗೆ ತಲೆ ಬಗ್ಗಿಸಲಾರದೆ ನಿಂತಿದೆ. ನೀನು ಹುಚ್ಚು ಅಂದ ಮೇಲೆ ಅವರು ಮಧ್ಯಾಹ್ನದ ತನಕ ಕಾಯುವುದಿಲ್ಲ."

ಕಾಯಲಿಲ್ಲ. ನಾವು ಬಸ್ಸಿಳಿದು ಆಟೊ ಹಿಡಿದು ಮುಟ್ಟುವಷ್ಟರಲ್ಲಿ ಎಲ್ಲ ಆಗಿತ್ತು. ಹುಲಿಯಾ ಕಾಲುವೆಯ ಏರಿಯ ಮೇಲೆ ಮಲಗಿದ್ದ. ಕೊರಳಲ್ಲಿ ಮುಳ್ಳಿನ ಪಟ್ಟಿ ಹಾಗೇ ಇತ್ತು. ತೋಳ ಕೊರಳಿಗೆ ಬರುತ್ತದೆ, ಮನುಷ್ಯರು ಬೆನ್ನಿಗೆ ಹೊಡೆದಿದ್ದರು. ಮುಂಗಾಲು ಊರಿ ಏಳಲು ನೋಡುತ್ತಿದ್ದ, ಹಿಂಭಾಗ ನೆಲಕ್ಕೆ ಅಂಟಿದಂತೆ ಬಿದ್ದಿತ್ತು. ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಬಿಗಿಯಾಗಿ ಒತ್ತಿದೆ. ಅವನಿಗೆ ನೋವೇ ತಿಳಿಯಲಿಲ್ಲ. ರೋಗ ಮುಟ್ಟದೆ ಬಿಟ್ಟಿದ್ದ ಬೆನ್ನುಹುರಿಯನ್ನು ಬಡಿಗೆ ಮುರಿದಿತ್ತು. ಅದಕ್ಕೆ ಯಾವ ಗುಳಿಗೆಯೂ ಇಲ್ಲ.

ಬೀರಪ್ಪ ದೂರದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ, ಅತ್ತಿಗೆಯನ್ನು ಕಂಡು ಎದ್ದ. "ಆರಾಮ ಆಗ್ಯಾನಂತ ಗುಳಿಗಿ ಬಿಟ್ಟೆ ವೈನಿ... ಇಷ್ಟ ಮಂದೀನ ನಾ ಒಬ್ಬಾವ ಹೆಂಗ ತಡೀಲಿ..." ಯಲ್ಲವ್ವ ಅವನ ಕಡೆ ನೋಡಲಿಲ್ಲ.

ಹೊಡೆದವರಲ್ಲಿ ಒಬ್ಬರು, ನನ್ನ ವಯಸ್ಸಿನವರೇ, ಮುಂದೆ ಬಂದರು. "ಡಾಕ್ಟರೇ ಹುಚ್ಚಂದ್ರಿ ಅಮ್ಮಾ. ಗದ್ದ್ಯಾಗ ಕೂಲಿ ಹೆಣ್ಮಕ್ಕಳು ಅದಾರ. ನಾವೇನ್ ಮಾಡಬೇಕಿತ್ರಿ?" ಅವರು ಹೇಳಿದ್ದು ನ್ಯಾಯವಾಗಿತ್ತು.

ಆ ಹೊತ್ತಿಗೆ ಹುಡುಗ ಡಾಕ್ಟರು ಬಂದ. ಬೈಕಿನಿಂದ ಇಳಿದ, ಅಷ್ಟು ಪುಣ್ಯ. ಹುಲಿಯಾನನ್ನು ನೋಡಿ ನಿಂತಲ್ಲೇ ನಿಂತ.

"ಮೊದಲು ಬಾಯಿಗೆ ಪಟ್ಟಿ ಬಿಗಿ. ಆಮೇಲೆ ಜ್ವರ ನೋಡು" ಎಂದೆ.

"ಮೇಡಂ, ಈಗ..."

"ಈಗಲೇ."

ಅವನು ಪಟ್ಟಿ ಬಿಗಿದ, ಥರ್ಮಾಮೀಟರ್ ಇಟ್ಟ, ತೆಗೆದ, ಓದಿದ. ಬಹಳ ಜ್ವರ ಇತ್ತು. ಅವನ ಮುಖ ಇಳಿದುಹೋಯಿತು. "ಪರೀಕ್ಷೆ ಮಾಡುವಾಗ ನೀರು ಎಲ್ಲಿಟ್ಟಿದ್ದರು, ಕೇಳಿದೆಯಾ?" ಎಂದೆ. ಕಾಲುವೆಯ ಅಂಚಿಗೆ ಎಳೆದುಕೊಂಡು ಹೋಗಿದ್ದರೆಂದು ಗುಂಪಿನವರೇ ಹೇಳಿದರು. ಏರಿಯಿಂದ ಆಳುದ್ದ ಕೆಳಗೆ ನೀರು ಹರಿಯುತ್ತಿತ್ತು. ಆ ಹುಡುಗ ಅದನ್ನೇ ನೋಡುತ್ತ ನಿಂತ. ಅವನ ಮೇಲೆ ಕೂಗಾಡಬೇಕೆಂದು ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಕೂಗಾಡಲಿಲ್ಲ. ಅವನಿಗೆ ನಾಯಿ ನೋಡಲು ಕಲಿಸಿದವರು ಯಾರು? ನಾವೇ ಅಲ್ಲವೇ, ಬೈಕಿನಿಂದ ಇಳಿಯದ ನಮ್ಮ ಸಾಲು?

ಯಲ್ಲವ್ವ ಒಂದು ಬೋಗುಣಿ ಕೇಳಿದಳು. ಯಾರೋ ಹೆಣ್ಣುಮಗಳು ತನ್ನ ಬುತ್ತಿಯ ಬೋಗುಣಿಯನ್ನು ತೊಳೆದು ನೀರು ತುಂಬಿ ತಂದಳು. ನಾನು ಬಾಯಿಯ ಪಟ್ಟಿ ಸಡಿಲಿಸಿದೆ. ಯಲ್ಲವ್ವ ಮೊಣಕಾಲೂರಿ, ಬೋಗುಣಿಯನ್ನು ಅವನ ಗದ್ದದ ಮಟ್ಟಕ್ಕೆ ಎತ್ತಿ ಹಿಡಿದಳು. ಹುಲಿಯಾ ಕುಡಿದ. ಅಷ್ಟು ಜನರ ನಡುವೆ ನಾಲಿಗೆಯ ಸಪ್ಪಳ ಮಾತ್ರ ಕೇಳಿಸುತ್ತಿತ್ತು. ಈ ಸಲ ಯಾರ ಮೊಬೈಲೂ ಮೇಲೇಳಲಿಲ್ಲ.

ಆಮೇಲೆ ಅವಳು ನನ್ನನ್ನು ನೋಡಿದಳು, ನಾನು ತಲೆಯಾಡಿಸಿದೆ. ಹುಡುಗನ ಪೆಟ್ಟಿಗೆಯಿಂದ ಔಷಧ ತೆಗೆದು ಕೊನೆಯ ಸೂಜಿಯನ್ನು ನಾನೇ ಕೊಟ್ಟೆ. ಹುಚ್ಚಿನ ಸಂಶಯ ಬಂದಿದ್ದ ನಾಯಿ, ಆದ್ದರಿಂದ ನಿಯಮದಂತೆ ಪರೀಕ್ಷೆಗೂ ಕಳಿಸಿದೆವು. ಯಲ್ಲವ್ವ ಬೇಡವೆನ್ನಲಿಲ್ಲ. ರೇಬೀಸ್ ಇಲ್ಲ ಎಂದು ಬಂತು. ಆ ಸುದ್ದಿ ಯಾರ ಮೊಬೈಲಿನಿಂದಲೂ ಯಾರ ಮೊಬೈಲಿಗೂ ಹೋಗಲಿಲ್ಲ.

ಹೊಸಬರೇ, ನಿಮಗೆ ಹೇಳುವುದು ಇದು. ಕಚ್ಚಿಸಿಕೊಂಡವರನ್ನು ಮೊದಲು ಕಳಿಸಿ, ನಾಯಿ ಹುಚ್ಚಿರಲಿ ಬಿಡಲಿ. ನಾಯಿಯನ್ನು ಕಟ್ಟಿಸಿ, ಜ್ವರ ನೋಡಿ, ಕಾಯಿರಿ. ಬೋಗುಣಿಯನ್ನು ಎತ್ತರಕ್ಕಿಡಿ, ಪರೀಕ್ಷೆಗೆಂದಲ್ಲ. ಈಗೀಗ ನಮ್ಮ ಹಳ್ಳಿಗಳಲ್ಲಿ ಬೋಗುಣಿ ಎತ್ತಿಟ್ಟು ಹುಚ್ಚು ಪರೀಕ್ಷಿಸುತ್ತಾರೆಂದು ಕೇಳಿದೆ, ಅದೂ ಅಷ್ಟೇ ದೊಡ್ಡ ಮೂರ್ಖತನ. ನೀರಡಿಸಿದ ಜೀವಕ್ಕೆ ನೀರು ಎಟುಕಬೇಕು, ಅದಕ್ಕೆ. ಮತ್ತು ಹುಚ್ಚು ಎಂಬ ಮಾತನ್ನು ನೋಡದೆ ಆಡಬೇಡಿ. ನಿಮ್ಮ ಬಾಯಿಂದ ಅದು ಹೊರಟಾಗ ಇನ್ನೊಬ್ಬರ ಕೈಯಲ್ಲಿ ಬಡಿಗೆಯಾಗುತ್ತದೆ.

ಸಂಜೆ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಮರಳಿದೆವು. ಯಲ್ಲವ್ವ ಮುಳ್ಳಿನ ಪಟ್ಟಿಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಕೊಪ್ಪಳ ಹತ್ತಿರ ಬಂದಾಗ ಹೇಳಿದಳು: "ಹೋಗೂ ಮುಂದ ಹೊಟ್ಟಿತುಂಬ ನೀರ ಕುಡದ ಅಲ್ರಿ ಅಕ್ಕಾರ. ಅಷ್ಟ ಸಾಕು ಬಿಡ್ರಿ."

ಅವಳಿಗೆ ಸಾಕಾಗಿರಬಹುದು. ನನಗೆ ಸಾಕಾಗಿಲ್ಲ.